ಬೇಸಿಗೆ ಕಾರ್ಯಕ್ರಮ ಮುಗಿಸಿದರೆ ಲಂಡನ್ನಿನಲ್ಲಿ ವಕೀಲಿಕೆ? ಸತ್ಯಾಂಶ

ತುಮಕೂರಿನ ಲಾ ವಿದ್ಯಾರ್ಥಿಗಳ, ಕಿರಿಯ ವಕೀಲರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಆಗಾಗ ಸುತ್ತುತ್ತದೆ. ಇಲ್ಲಿ ಸನ್ನದು (ವಕೀಲಿಕೆಯ ಪರವಾನಗಿ) ಪಡೆದವರು ದುಡ್ಡು ಕಟ್ಟಿ ಲಂಡನ್ನಿನ ಲಾ ಫರ್ಮ್‌ನ ಬೇಸಿಗೆ ಕಾರ್ಯಕ್ರಮ ಸೇರಿದರೆ ಸಾಕು, ಅಲ್ಲೇ ವಕೀಲಿಕೆ ಮಾಡಬಹುದು ಅಂತ. ಆಸೆ ಆಗುವುದು ಸಹಜ. ಆದರೆ ಇದು ನಿಜವಲ್ಲ.

ಆ ಕಾರ್ಯಕ್ರಮಗಳು ಸಾಮಾನ್ಯವಾಗಿ ಕೆಲವೇ ವಾರಗಳವು. ಕೆಲಸದ ಪರಿಚಯ ಆಗುತ್ತದೆ, ಫರ್ಮ್‌ಗೂ ನಿಮ್ಮನ್ನು ನೋಡಲು ಅವಕಾಶ. ಸನ್ನದು ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲರು) ಆಗಲು 2021ರಿಂದ ಎಸ್‌ಕ್ಯೂಇ ಎಂಬ ಪರೀಕ್ಷೆ ಇದೆ, 2 ಹಂತದ್ದು. ಭಾರತದಲ್ಲಿ ಈಗಾಗಲೇ ವಕೀಲರಾದವರಿಗೆ, ಉಳಿದವರಿಗೆ ಇರುವ 2 ವರ್ಷದ ಕೆಲಸದ ಅನುಭವದ ಷರತ್ತು ಇಲ್ಲ. ಬಹುಶಃ ಈ ರಿಯಾಯಿತಿಯೇ ಬಾಯಿಂದ ಬಾಯಿಗೆ ಹೋಗಿ ‘ಪರೀಕ್ಷೆಯೇ ಬೇಡ’ ಅಂತ ಆಗಿರಬೇಕು. ಅಮೆರಿಕದ ಬೇಸಿಗೆ ಕಾರ್ಯಕ್ರಮಗಳಂತೂ ಹೆಚ್ಚಾಗಿ ಅಲ್ಲೇ ಜೆಡಿ (ಅಲ್ಲಿನ ಕಾನೂನು ಪದವಿ) ಓದುತ್ತಿರುವವರಿಗೆ.

ಇನ್ನು ದುಡ್ಡು. ದೊಡ್ಡ ಫರ್ಮ್‌ಗಳು ಆಯ್ಕೆಯಾದವರಿಗೆ ತಾವೇ ಹಣ ಕೊಡುತ್ತವೆ, ಕೇಳುವುದಿಲ್ಲ. ಯಾರಾದರೂ ಸೀಟಿಗೆ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿ.

ಪರೀಕ್ಷಿಸುವುದು ಸುಲಭ. ಮೆಸೇಜಿನ ಲಿಂಕ್ ಒತ್ತಬೇಡಿ. ಫರ್ಮ್‌ನ ವೆಬ್‌ಸೈಟನ್ನು ನೀವೇ ಹುಡುಕಿ, ಉದ್ಯೋಗದ ಪುಟದಲ್ಲಿ ಯಾರು ಅರ್ಜಿ ಹಾಕಬಹುದು ಅಂತ ಓದಿ. ಇಂಗ್ಲೆಂಡಿನ ಸಾಲಿಸಿಟರ್‌ಗಳ, ಫರ್ಮ್‌ಗಳ ಅಧಿಕೃತ ಪಟ್ಟಿಯೂ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಹೆಸರು ಹಾಕಿ ನೋಡಿ, 5 ನಿಮಿಷದ ಕೆಲಸ ಅಷ್ಟೇ.