ಬಂಗಾಳ ಕೊಲ್ಲಿಯಲ್ಲಿ ಮಾವನ ಮನೆ

ಶಿವಮೊಗ್ಗದಲ್ಲಿ ಮಹಡಿ ಮೆಟ್ಟಿಲ ಕೆಳಗಿನ ಒಂದು ಕೋಣೆಯಲ್ಲಿ ಕೂತು ಜಮೀನು, ಸೈಟುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವುದು ನನ್ನ ಹೊಟ್ಟೆಪಾಡು. ನಮ್ಮತ್ತೆ ಇದನ್ನು ‘ಗೆರೆ ಎಳೆಯೋ ಕೆಲಸ’ ಅಂತ ಎಲ್ಲರಿಗೂ ಹೇಳಿಟ್ಟಿದ್ದಾರೆ. ಅದನ್ನು ಕೇಳಿಸಿಕೊಂಡ ಇಬ್ಬರು ಹೆಣ್ಣಿನ ಕಡೆಯವರು ಉಪ್ಪಿಟ್ಟು ತಿಂದು ಹೋದವರು ಆಮೇಲೆ ಫೋನು ಎತ್ತಲಿಲ್ಲ.

ಈ ಮರ್ಯಾದೆ ವಾಪಸ್ ಪಡೆಯಲು ಒಂದು ಸಂದರ್ಭ ಬಂತು. ತೀರ್ಥಹಳ್ಳಿಯಿಂದ ಹೊಸನಗರದ ಕಡೆ ಹೋಗುವ ರಸ್ತೆಯಲ್ಲಿ ಒಳಗೆ ನಾಲ್ಕು ಮೈಲಿ ಇರುವ ಸೋದರಮಾವ ಹೊಸ ಮನೆ ಕಟ್ಟಿಸಲು ಹೊರಟರು. ನಾನು ಬರೆದುಕೊಟ್ಟ ಪ್ಲಾನನ್ನು ತಲೆಕೆಳಗಾಗಿ ಹಿಡಿದು ಹತ್ತು ನಿಮಿಷ ನೋಡಿ, “ಬಾವಿ ಚೆನ್ನಾಗಿ ಬಂದಿದೆ” ಅಂದರು. ಅದು ದುಂಡನೆಯ ಊಟದ ಮೇಜು.

“ಕಾಗದ ಬಿಡಿ ಮಾವ. ಅಂಗಳದಲ್ಲಿ ನಿಂತು ಮೊಬೈಲ್ ಎತ್ತಿ ಹಿಡಿದರೆ ಮನೆ ಎದುರಿಗೇ ಎದ್ದು ನಿಂತ ಹಾಗೆ ಕಾಣಬೇಕು, ಹಾಗೆ ಮಾಡಿಕೊಡ್ತೀನಿ” ಅಂದೆ. ಅಷ್ಟಕ್ಕೇ ಸುಮ್ಮನಿರದೆ ಆಗ್ಮೆಂಟೆಡ್ ರಿಯಾಲಿಟಿ ಅಂತ ಅದರ ಹೆಸರನ್ನೂ ಹೇಳಿದೆ. ಮಾವ ಊರಿಗೆಲ್ಲ “ಭಾನುವಾರ ನಮ್ಮನೆಯಲ್ಲಿ ರಿಯಾಲಿಟಿ ಶೋ ಉಂಟು” ಅಂತ ಹೇಳಿಕೊಂಡು ಬಂದರು.

ಕಾಗದದ ಮೇಲಿನ ನಕ್ಷೆಗೆ ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಅಂತ ಗೊತ್ತಿರುವುದಿಲ್ಲ. ನಕ್ಷೆಯಲ್ಲೂ ಇರುವ, ನೆಲದ ಮೇಲೂ ಇರುವ ಕೆಲವು ಗುರುತುಗಳನ್ನು ಹಿಡಿದು, ಅವುಗಳ ಅಕ್ಷಾಂಶ ರೇಖಾಂಶ ಕೊಟ್ಟು, ನಕ್ಷೆಯನ್ನು ಜಾಗಕ್ಕೆ ಮೊಳೆ ಹೊಡೆದು ಕೂರಿಸಬೇಕು. ಜಿಯೋರೆಫರೆನ್ಸಿಂಗ್ ಅನ್ನುವುದು ಇದಕ್ಕೇ. ಮೊಳೆ ಎಲ್ಲಿ ಹೊಡೆದಿರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಮಾವನ ಹತ್ತಿರ ಇದ್ದ ಹಳೆಯ ಸರ್ವೆ ಟಿಪ್ಪಣಿಯಲ್ಲಿ ಬಾಂದುಕಲ್ಲುಗಳೇನೋ ಇದ್ದವು. ಫೋನು ಮಾಡಿ ಕೇಳಿದೆ. ಒಂದು ಕಲ್ಲು ಅಗಳದ ಮಣ್ಣು ಜರಿದು ಕೆಳಗೆ ಹೋಗಿದೆಯಂತೆ. ಇನ್ನೊಂದು? “ಬಚ್ಚಲ ಹಿಂದೆ ಉಂಟಲ್ಲ, ಬಟ್ಟೆ ಒಗೆಯೋದು ಅದರ ಮೇಲೇ” ಅಂದರು ಅತ್ತೆ.

ಅಲ್ಲಿಗೆ ಹೋಗಿ ಅಳೆಯಬೇಕಿತ್ತು. ಹೋಗಲಿಲ್ಲ. ಸೋಮಾರಿತನ ಅಂತ ಒಪ್ಪಿಕೊಂಡರೆ ಮುಂದೆ ಓದುವವರಿಗೂ ಸುಲಭ. ಉಪಗ್ರಹ ಚಿತ್ರ ತೆರೆದೆ. ಮಲೆನಾಡಿನ ಮೇಲಿನಿಂದ ಏನು ಕಾಣುತ್ತದೆ? ಮಳೆಗಾಲದಲ್ಲಿ ಮೋಡ, ಉಳಿದ ಕಾಲದಲ್ಲಿ ಅಡಿಕೆ ತಲೆ. ಆ ಹಸಿರಿನ ನಡುವೆ ಎರಡೇ ಎರಡು ಗುರುತು ಸಿಕ್ಕವು: ಹಳೆ ಮನೆಯ ಹೆಂಚಿನ ಮೂಲೆ, ಮತ್ತೆ ನಾಲ್ಕೂ ಮೂಲೆ ಚೂಪಾಗಿದ್ದ ಒಂದು ನೀಲಿ ಚೌಕ. ಪಂಪ್‌ಹೌಸಿನ ಶೀಟು ಅಂದುಕೊಂಡೆ. ಹೊಡೆದೆ ಮೊಳೆ.

ಶನಿವಾರ ರಾತ್ರಿ ಮೊಬೈಲಿಗೆ ಹಾಕಿ ನೋಡಿದರೆ ಮನೆ ಇರುವ ದೂರ ತೀರ್ಥಹಳ್ಳಿಯ ಲೆಕ್ಕಕ್ಕೆ ಬರಲೇ ಇಲ್ಲ. ಬಾಣ ಪೂರ್ವಕ್ಕೆ ತೋರಿಸುತ್ತಿತ್ತು. ನಕಾಶೆಯಲ್ಲಿ ಹುಡುಕಿದರೆ ಚೆನ್ನೈ ದಾಟಿ ನೂರಾರು ಮೈಲಿ ಅಲ್ಲದಿದ್ದರೂ ಸಾಕಷ್ಟು ಆಚೆ, ಬಂಗಾಳ ಕೊಲ್ಲಿಯ ನಡುನೀರಿನಲ್ಲಿ ಮಾವನ ಮೂರು ಬೆಡ್‌ರೂಮಿನ ಮನೆ. ಕಾರಣ ಸಿಕ್ಕಿತು. ನಕ್ಷೆಯವರು ಜಾಗವನ್ನು ಮೀಟರಿನಲ್ಲಿ ಹೇಳಲು ಬಳಸುವ ಯುಟಿಎಂ ಪದ್ಧತಿಯಲ್ಲಿ ಭೂಮಿಯನ್ನು ಕಿತ್ತಳೆ ತೊಳೆಯ ಹಾಗೆ 6 ಡಿಗ್ರಿಗೊಂದರಂತೆ 60 ವಲಯ ಮಾಡಿದ್ದಾರೆ. ಪ್ರತಿ ತೊಳೆಗೂ ಅಳತೆ ಬೇರೆ ಶುರು, ಅದೇ ಅಂಕಿ ಎಲ್ಲ ತೊಳೆಯಲ್ಲೂ ಬರುತ್ತದೆ. ಶಿವಮೊಗ್ಗ 43ನೇ ತೊಳೆ. 78 ಡಿಗ್ರಿ ರೇಖಾಂಶ ದಾಟಿದರೆ 44. ಹಿಂದಿನ ವಾರ ಮುಳಬಾಗಿಲಿನ ಒಂದು ಲೇಔಟ್ ಮಾಡಿದ್ದೆ. ಅದು 44ರಲ್ಲಿ ಬರುತ್ತದೆ. ವಲಯ ಬದಲಿಸುವುದು ಮರೆತಿದ್ದೆ. ಒಂದು ಅಂಕಿ ತಪ್ಪಿದ್ದಕ್ಕೆ ಮಾವನ ಮನೆ ಸುಮಾರು 650 ಕಿಲೋಮೀಟರ್ ನಡೆದುಹೋಗಿತ್ತು. ಸರಿಪಡಿಸಿ, ಗೆದ್ದೆ ಅಂತ ಮಲಗಿದೆ.

ಭಾನುವಾರ ಹೋದರೆ ಅಂಗಳದಲ್ಲಿ ಬೆಂಚು ಹಾಕಿದ್ದಾರೆ. ಹದಿನೈದು ಜನ. ಅತ್ತೆ ಕೊಟ್ಟೆ ಕಡುಬು ಬೇಯಿಸಿದ್ದಾರೆ. ಅಡಿಕೆ ಕೊನೆ ತೆಗೆಯಲು ಬಂದವರೂ ದೋಟಿ ಒರಗಿಸಿ ಕೂತಿದ್ದಾರೆ. ನಾನು ಮೊಬೈಲ್ ಎತ್ತಿದೆ. ಅಂಗಳ ಕಂಡಿತು, ನಾಯಿ ಕಂಡಿತು, ಮನೆ ಇಲ್ಲ. ಮೂರು ಸುತ್ತು ತಿರುಗಿದೆ.

“ಎಂತಾ ಹುಡುಕ್ತಾ ಇದ್ದೀಯ ಮಾರಾಯ?”

“ಮನೆ, ಮಾವ.”

ಪಕ್ಕದ ಮನೆಯ ಹುಡುಗ ಕುತ್ತಿಗೆ ಮೇಲೆತ್ತಿ ಪರದೆ ನೋಡಿ, “ಅಕೋ, ಅಲ್ಲಿ!” ಅಂದ. ನಾಲ್ಕೈದು ಅಡಿಕೆ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರದಲ್ಲಿ ಮನೆಯ ಬುಡ ಕಾಣುತ್ತಿತ್ತು. ಹದಿನೈದು ಜನರೂ ಆಕಾಶ ನೋಡಿದರು, ಬರಿಗಣ್ಣಿಗೇ ಕಾಣುತ್ತದೆ ಅನ್ನುವ ಹಾಗೆ.

ಇದರಲ್ಲಿ ನನ್ನ ತಪ್ಪು ಎಷ್ಟೋ ಅಷ್ಟೇ ಹಿಂದೂ ಮಹಾಸಾಗರದ್ದೂ ಇದೆ. ನನ್ನ ನಕ್ಷೆಯ ಎತ್ತರ ಸಮುದ್ರಮಟ್ಟದಿಂದ ಲೆಕ್ಕ ಹಾಕಿದ್ದು. ಜಿಪಿಎಸ್ ಲೆಕ್ಕ ಮಾಡುವುದು ಗಣಿತದ ಒಂದು ನುಣ್ಣನೆಯ ಗುಂಡಿನಿಂದ. ಎರಡೂ ಒಂದೇ ಆಗಿದ್ದರೆ ತಂಟೆ ಇರಲಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಭೂಮಿಯ ಸೆಳೆತವೇ ತುಸು ಕಡಿಮೆ. ಅಲ್ಲಿ ಸಮುದ್ರ ಆ ಗುಂಡಿನ ಮೇಲ್ಮೈಗಿಂತ 100 ಮೀಟರಿಗೂ ಕೆಳಗೆ ಕೂತಿದೆ. ಆ ತಗ್ಗಿನ ಅಂಚು ನಮ್ಮ ಕಡೆಗೂ ಚಾಚಿದೆ, ಇಲ್ಲಿ ವ್ಯತ್ಯಾಸ 80 ಮೀಟರಿಗೂ ಹೆಚ್ಚು. ಇದನ್ನು ನಾನು ಮಾವನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, “ಅಂದರೆ ಸಿಲೋನಿನಲ್ಲಿ ಗುಂಡಿ ಬಿದ್ದಿದ್ದಕ್ಕೆ ನಮ್ಮ ಮನೆ ಮೇಲೆ ಹೋಯ್ತು?” ಅಂದರು. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಇಳಿಸಿದೆ. ಮನೆ ನೆಲಕ್ಕೆ ಬಂತು, ಬಂದದ್ದೇ ನಡುಗತೊಡಗಿತು. ಗೋಡೆಗಳು ಅರ್ಧ ಗೇಣು ಆಚೆ, ಅರ್ಧ ಗೇಣು ಈಚೆ. ಒಬ್ಬ ಅಜ್ಜಿ, “ಜಾಗದ ದೋಷ. ಭೂತಕ್ಕೆ ಏನಾದರೂ ಕೊಡಬೇಕಿತ್ತು” ಅಂತ ಎದ್ದರು. ಭೂತ ಅಲ್ಲ, ಅಂಕಿ. ಮಾವನ ಅಂಗಳ ಭೂಮಧ್ಯರೇಖೆಯಿಂದ 15 ಲಕ್ಷ ಮೀಟರ್ ದೂರ. ಚಿತ್ರ ಬರೆಯುವಾಗ ಮೊಬೈಲು ಸುಮಾರು ಏಳು ಅಂಕಿಯವರೆಗೆ ಮಾತ್ರ ನೆಟ್ಟಗೆ ನೆನಪಿಡುತ್ತದೆ. ಅಷ್ಟು ದೊಡ್ಡ ಸಂಖ್ಯೆ ಕೊಟ್ಟರೆ 12.5 ಸೆಂಟಿಮೀಟರಿಗೊಂದು ಹೆಜ್ಜೆ ಇಡುತ್ತಾ ಎಡವುತ್ತದೆ. ಭೂಮಧ್ಯರೇಖೆ ಬಿಟ್ಟು ತುಳಸಿಕಟ್ಟೆಯನ್ನೇ ಸೊನ್ನೆ ಅಂತ ಇಟ್ಟುಕೊಂಡು ಎಲ್ಲ ಅಳತೆಯನ್ನೂ ಅಲ್ಲಿಂದ ಮಾಡಿದೆ. ಹೊಸ ಫೈಲು ಇಳಿಸಿಕೊಳ್ಳಲು ಮೋರಿ ಕಟ್ಟೆಯವರೆಗೆ ನಡೆಯಬೇಕಾಯಿತು, ಈ ಊರಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲೊಂದೇ ಕಡೆ. ಬರುವಾಗ ಕಾಲಿಗೆ ರಕ್ತ ಹೀರುವ ಎರಡು ಇಂಬಳ. ನಡುಕ ನಿಂತಿತು. ಅಜ್ಜಿ ತುಳಸಿಗೆ ಕೈ ಮುಗಿದು ಕೂತರು.

ಈಗ ಮನೆ ಗಟ್ಟಿಯಾಗಿ ನಿಂತಿತ್ತು, ಕೊಟ್ಟಿಗೆಯೊಳಗೆ. ಎಮ್ಮೆ ನಮ್ಮ ದೇವರಮನೆಯಲ್ಲಿ ಮೆಲುಕು ಹಾಕುತ್ತಿತ್ತು. ಬೇಲಿಯ ಗುಲಾಬಿ ಗೆರೆ ಪಕ್ಕದವರ ತೋಟಕ್ಕೆ ನುಗ್ಗಿತ್ತು. ಅದನ್ನು ನೋಡಿದ ಪಕ್ಕದ ರಾಯರ ಮುಖ ಕಪ್ಪಿಟ್ಟಿತು.

“ಇದು ಬರೀ ನೋಡೋಕೆ ರಾಯರೇ. ಅಳತೆಗೆ ಭೂಮಾಪಕರೇ ಬರಬೇಕು. ಈ ಗೆರೆಗೆ ಕಾನೂನಲ್ಲಿ ಬೆಲೆ ಇಲ್ಲ.”

“ನೋಡೋಕೇ ಆದರೆ ನನ್ನ ಮೆಣಸಿನ ಬಳ್ಳಿ ಮೇಲೇ ಯಾಕೆ ನೋಡಬೇಕು?”

ಮೊಳೆ ತಪ್ಪಿದೆ ಅಂತ ನನಗೆ ಗೊತ್ತಾಯಿತು. ಪಂಪ್‌ಹೌಸ್ ಎಲ್ಲಿ ಅಂತ ಕೇಳಿದೆ. ಹಲಸಿನ ಮರದ ಅಡಿಯಲ್ಲಿ ತೋರಿಸಿದರು. ಮೇಲಿನಿಂದ ಯಾವ ಉಪಗ್ರಹಕ್ಕೂ ಕಾಣದ ಹಾಗೆ, ಅದೂ ಹೆಂಚಿನದ್ದು. ಹಾಗಾದರೆ ಆ ನೀಲಿ ಚೌಕ? ಚಿತ್ರ ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ನೋಡಿ ನಕ್ಕರು. “ಅಯ್ಯೋ, ಇದು ನನ್ನ ಟಾರ್ಪಾಲು! ಅಡಿಕೆ ಒಣಗಿಸಿದ್ದು.”

ಟಾರ್ಪಾಲಿಗೆ ಮೊಳೆ ಹೊಡೆದು ನಾನು ಒಂದು ಮನೆ ಕಟ್ಟಿದ್ದೆ. ಯಾರೂ ಮಾತಾಡಲಿಲ್ಲ. ಮಾವ ಮಾತ್ರ ಯೋಚನೆ ಮಾಡಿ, “ಅದನ್ನ ಮೊದಲಿದ್ದ ಜಾಗದಲ್ಲೇ ಹಾಸಿದರೆ ಸರಿಯಾಗ್ತದಾ?” ಅಂದರು.

ನಗಬೇಕು ಅಂದುಕೊಂಡವನು ತಡೆದೆ. ಮಾತು ಸರಿಯಾಗಿಯೇ ಇತ್ತು. ಟಾರ್ಪಾಲು ಎಲ್ಲಿತ್ತು ಅಂತ ಗೊತ್ತಾದರೆ ಅಲ್ಲಿಂದ ಪಂಪ್‌ಹೌಸು ಯಾವ ದಿಕ್ಕಿಗೆ ಎಷ್ಟು ದೂರ ಅಂತ ಅಳೆದು ಮೊಳೆ ಬದಲಿಸಬಹುದು. ಅತ್ತೆ ತಡಮಾಡದೆ ಹೋಗಿ ತೋರಿಸಿದರು. ಗಾಳಿಗೆ ಹಾರದಿರಲಿ ಅಂತ ನಾಲ್ಕು ಮೂಲೆಗೆ ಇಟ್ಟಿದ್ದ ನಾಲ್ಕು ಕಲ್ಲು ಹಾಗೇ ಇದ್ದವು. ಸರ್ವೆಯವರು ನೆಟ್ಟದ್ದು ಬಚ್ಚಲು ಸೇರಿದ್ದರೂ ಅತ್ತೆ ಇಟ್ಟದ್ದು ಒಂದಂಗುಲ ಜರುಗಿರಲಿಲ್ಲ. ಟೇಪು ಹಿಡಿದು ಅಳೆದೆ, ಅಂಕಿ ತಿದ್ದಿದೆ, ಮತ್ತೆ ಮೋರಿಗೆ ನಡೆದೆ, ಮತ್ತೊಂದು ಇಂಬಳ.

ಮನೆ ಅಂಗಳಕ್ಕೆ ಬಂದು ಕೂತಿತು. ಎಮ್ಮೆ ಹೊರಗಾಯಿತು, ಗುಲಾಬಿ ಗೆರೆ ಬೇಲಿಗೆ ಹೊಂದಿತು, ರಾಯರು ಎರಡನೇ ಕಡುಬಿಗೆ ಕೈ ಹಾಕಿದರು. ಅತ್ತೆ ಮೊಬೈಲ್ ಕಸಿದುಕೊಂಡು ಒಳಗೆಲ್ಲ ಓಡಾಡಿ, “ಅಡುಗೆಮನೆ ಕಿಟಕಿ ಕೊಟ್ಟಿಗೆ ಕಡೆ ಯಾಕೆ? ಗೇಟಿಗೆ ಯಾರು ಬಂದರು ಅಂತ ನಂಗೆ ಕಾಣೋದು ಬೇಡ್ವಾ?” ಅಂತ ಅಲ್ಲಿಂದಲೇ ಕೂಗಿದರು. ಅದನ್ನು ಬರೆದುಕೊಂಡೆ. ಆಮೇಲೆ ಮೊಬೈಲನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನೇರ ನಮ್ಮ ಕಡೆ ನಡೆದು ಬಂದರು.

ಕೈಯಲ್ಲಿ ಮೊಬೈಲೇ ಇಲ್ಲದ ಮಾವ ಬೆಂಚಿನಿಂದ ಎದ್ದು ಗದರಿದರು:

“ಏ, ಗೋಡೆಯಲ್ಲಿ ಬರ್ತಾ ಇದ್ದೀಯಲ್ಲೇ! ಬಾಗಿಲು ಆ ಕಡೆ!”