ಶೈನಿ ತಂದೆತಾಯಿಗೆ ಶೈನಿ ಮರಿಯೇ? ಒಂದು ಸ್ಪಷ್ಟನೆ

‘ಎರಡು ಶೈನಿ ಪೋಕೆಮಾನ್ ಜೋಡಿ ಮಾಡಿದರೆ ಮೊಟ್ಟೆಯಿಂದ ಶೈನಿಯೇ ಬರುತ್ತದೆ’ ಎಂಬ ಸಂದೇಶ ಪೋಕೆಮಾನ್ ವಿಡಿಯೊ ಗೇಮ್ ಆಡುವವರಲ್ಲಿ ಓಡಾಡುತ್ತಿದೆ. (ಶೈನಿ ಎಂದರೆ ಮಾಮೂಲಿಗಿಂತ ಬೇರೆ ಬಣ್ಣದ, ಅಪರೂಪದ ಪೋಕೆಮಾನ್.) ಅದು ನಿಜವಲ್ಲ. ಈಗಿನ ಆಟಗಳಲ್ಲಿ ತಂದೆತಾಯಿಯ ಬಣ್ಣಕ್ಕೂ ಮರಿಯ ಬಣ್ಣಕ್ಕೂ ಸಂಬಂಧವೇ ಇಲ್ಲ.

ಈ ಮಾತಿಗೆ ಮೂಲ ಬಹುಶಃ 1999ರ ಗೋಲ್ಡ್, ಸಿಲ್ವರ್ ಆಟಗಳು. ಅಲ್ಲಿ ಬಣ್ಣ ನಿರ್ಧಾರವಾಗುತ್ತಿದ್ದುದು ಹುಟ್ಟುಗುಣದ ಅಂಕಗಳಿಂದ, ಅಂದರೆ ಪ್ರತಿ ಪೋಕೆಮಾನ್‌ನ ಶಕ್ತಿಯನ್ನು ತೀರ್ಮಾನಿಸುವ ಗುಪ್ತ ಸಂಖ್ಯೆಗಳಿಂದ. ಅವು ಮರಿಗೂ ಬರುತ್ತಿದ್ದವು. ಹಾಗಾಗಿ ಜೋಡಿಯಲ್ಲಿ ಒಂದು ಶೈನಿ ಇದ್ದರೆ ಶೈನಿ ಮರಿಯ ಅವಕಾಶ 64ಕ್ಕೆ 1ರವರೆಗೆ ಏರುತ್ತಿತ್ತು. ತಮಾಷೆಯೆಂದರೆ, ಎರಡೂ ಶೈನಿಯಾದರೆ ಅಂಕಗಳು ಒಂದೇ ಆಗಿ, ಆಟ ಅವನ್ನು ಒಡಹುಟ್ಟುಗಳೆಂದು ಬಗೆದು ಮೊಟ್ಟೆಯನ್ನೇ ಕೊಡುತ್ತಿರಲಿಲ್ಲ!

ಈಚಿನ ಸ್ಕಾರ್ಲೆಟ್, ವಯಲೆಟ್ ಆಟಗಳಲ್ಲಿ ಮೊಟ್ಟೆಯಿಂದ ಶೈನಿ ಬರುವ ಸಾಮಾನ್ಯ ಅವಕಾಶ 4096ಕ್ಕೆ 1. ಬೇರೆ ಭಾಷೆಯ ಆಟದಿಂದ ಬಂದ ಪೋಕೆಮಾನ್ ಜತೆ ಜೋಡಿಸಿದರೆ ಸುಮಾರು 683ಕ್ಕೆ 1, ಶೈನಿ ಅವಕಾಶ ಹೆಚ್ಚಿಸುವ ‘ಶೈನಿ ಚಾರ್ಮ್’ ಎಂಬ ವಸ್ತು ಕೂಡ ಇದ್ದರೆ 512ಕ್ಕೆ 1. ಶೈನಿ ಜೋಡಿಗಾಗಿ ದುಬಾರಿ ವಿನಿಮಯಕ್ಕೆ ಇಳಿಯಬೇಡಿ; ಪರಭಾಷೆಯ ಆಟದಿಂದ ಬಂದ ಒಂದು ಡಿಟ್ಟೊ (ಬಹುತೇಕ ಎಲ್ಲ ಪೋಕೆಮಾನ್ ಜತೆಗೂ ಜೋಡಿಯಾಗುವ ಪೋಕೆಮಾನ್) ಸಾಕು.