ಒಂದೆಳೆ ಪಾಕದ ಡೈಕಿರಿ

ಮೈಸೂರು ಪಾಕ್ ಬಲ್ಲ ಕೈಗೆ ಡೈಕಿರಿ ಎಂಬ ರಮ್-ನಿಂಬೆಯ ಕಾಕ್‌ಟೇಲ್ ಒಲಿಯುವುದು ಕಷ್ಟ. ಒಲೆಯ ಮೇಲೆ ಸಕ್ಕರೆ ನೀರು ಕಂಡ ಕೂಡಲೇ ಹೆಬ್ಬೆರಳು, ತೋರುಬೆರಳು ತಾವಾಗಿಯೇ ಎಳೆ ನೋಡಲು ಹೊರಡುತ್ತವೆ. ಒಂದೆಳೆ ಬಂತೆಂದು ಖುಷಿಪಟ್ಟರೆ ಜಾಮೂನಿಗೆ ದಾರಿಯಾಯಿತು, ಡೈಕಿರಿಯ ಕಥೆ ಮುಗಿಯಿತು.

ಇಲ್ಲಿ ಪಾಕವೇ ಬೇಡ. 200 ಗ್ರಾಂ ನೀರು ಬಿಸಿ ಮಾಡಿ, ಒಲೆ ಆರಿಸಿ, 200 ಗ್ರಾಂ ಸಕ್ಕರೆ ಕದಡಿದರೆ ಸಾಕು. ಕುದಿಸುತ್ತ ಹೋದಷ್ಟೂ ನೀರು ಆವಿಯಾಗಿ ಸಮಪಾಲು ತಪ್ಪುತ್ತದೆ. ಆಮೇಲೆ 20 ಮಿ.ಲೀ.ನಲ್ಲಿ ಸಿಹಿ ಎಷ್ಟಿದೆಯೋ ದೇವರೇ ಬಲ್ಲ. ಲೋಟದ ಅಳತೆಯೂ ಬೇಡ. ಒಂದು ಲೋಟ ಸಕ್ಕರೆಯ ತೂಕ ಒಂದು ಲೋಟ ನೀರಿಗಿಂತ ಕಡಿಮೆ. ತುಂಬಿಡುವ ಬಾಟಲಿ ಹಿಂದಿನ ಜನ್ಮದಲ್ಲಿ ಮಿಡಿ ಉಪ್ಪಿನಕಾಯಿಯದ್ದಾಗಿದ್ದರೆ ಮುಚ್ಚಳದೊಳಗಿನ ರಬ್ಬರಿಗೆ ಅದರ ನೆನಪು ಇನ್ನೂ ಇರುತ್ತದೆ. ಬಾಟಲಿ ತೊಳೆದರೆ ಸಾಲದು, ಮುಚ್ಚಳವನ್ನೇ ಬದಲಿಸಿ.

ಕ್ಯೂಬಾದ ಗಣಿ ಊರೊಂದರ ಹೆಸರು ಹೊತ್ತ ಡೈಕಿರಿಗೆ 60 ಮಿ.ಲೀ. ಬಿಳಿ ರಮ್, 25 ಮಿ.ಲೀ. ನಿಂಬೆರಸ, 20 ಮಿ.ಲೀ. ಸಕ್ಕರೆ ನೀರು. ಸಾರಿಗೆ ಉಪ್ಪು ಹಾಕುವ ಕಣ್ಣಳತೆ ಇಲ್ಲಿ ನಡೆಯದು, 5 ಮಿ.ಲೀ. ಹೆಚ್ಚಾದರೂ ನಾಲಿಗೆ ದೂರು ಕೊಡುತ್ತದೆ. ಅಳತೆಯ ಲೋಟವಿಲ್ಲದವರು ಕೆಮ್ಮಿನ ಔಷಧಿಯ ಮುಚ್ಚಳ ಹುಡುಕುತ್ತಾರೆ. ಗೆರೆಗಳಿದ್ದರೆ ಧಾರಾಳವಾಗಿ ಬಳಸಬಹುದು, ಆದರೆ ಬಿಸಿನೀರಿನಲ್ಲಿ ತೊಳೆದ ಮೇಲೆ. ಇಲ್ಲವಾದರೆ ಕುಡಿದವರು ‘ದಿನಕ್ಕೆ ಎಷ್ಟು ಸಲ?’ ಎಂದು ಕೇಳಿಯಾರು.

ಐಸಿನ ವಿಷಯವೇ ಬೇರೆ. ಫ್ರೀಜರಿನಲ್ಲಿ ಕಾಯಿತುರಿ, ಬೆಳ್ಳುಳ್ಳಿ ಪೇಸ್ಟಿನ ಪಕ್ಕದಲ್ಲಿ ಹದಿನೈದು ದಿನ ಬಾಯ್ದೆರೆದು ಕೂತ ಐಸು ಎರಡರ ವಾಸನೆಯನ್ನೂ ಕುಡಿದಿರುತ್ತದೆ. ಹಿಂದಿನ ದಿನವಷ್ಟೇ, ಮುಚ್ಚಳವಿರುವ ಡಬ್ಬಿಯಲ್ಲಿ ಹೊಸದಾಗಿ ಕಟ್ಟಿ. ಪುಡಿ ಐಸು ಬೇಗ ಕರಗಿ ಎಲ್ಲವನ್ನೂ ಪಾನಕ ಮಾಡುತ್ತದೆ. ದಪ್ಪ ತುಂಡುಗಳೊಂದಿಗೆ 12 ಸೆಕೆಂಡು ಜೋರಾಗಿ ಕುಲುಕಿದರೆ ತಂಪೂ ಬಂತು, ಬೇಕಾದಷ್ಟು ನೀರೂ ಸೇರಿತು.

ಕುಲುಕಲು ಸ್ಟೀಲ್ ಡಬ್ಬಿ ಹಿಡಿದವರಿಗೊಂದು ಎಚ್ಚರಿಕೆ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿದಾಗ ಮುಚ್ಚಳ ಕಚ್ಚಿಕೊಳ್ಳುತ್ತದೆ. ಎಳೆದಾಡುವ ಹೊತ್ತಿಗೆ ಒಳಗೆ ಐಸು ಕರಗುತ್ತಲೇ ಇರುತ್ತದೆ, ಹೊರಗೆ ನೆಂಟರು ಕಾಯುತ್ತಲೇ ಇರುತ್ತಾರೆ. ಮುಚ್ಚಳದ ಅಂಚಿಗೆ ಅಂಗೈಯಿಂದ ಒಂದು ಪೆಟ್ಟು ಕೊಡಿ. ಬಗ್ಗದಿದ್ದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ. ಸೋಡಾವನ್ನು ಮಾತ್ರ ಎಂದೂ ಒಳಗೆ ಹಾಕಿ ಕುಲುಕಬೇಡಿ. ಆಗ ಮುಚ್ಚಳ ತೆರೆಯುವ ಕಷ್ಟವೇ ಇರುವುದಿಲ್ಲ, ತಾರಸಿಯಲ್ಲಿ ಹುಡುಕುವ ಕಷ್ಟ ಅಷ್ಟೇ.

ಜಿನ್‌ನಿಂದ ಮಾಡುವ ಗಿಮ್ಲೆಟ್ ಕಾಕ್‌ಟೇಲ್‌ನ ಜೀವ ಇರುವುದು ನಿಂಬೆಯ ಕಾರ್ಡಿಯಲ್‌ನಲ್ಲಿ, ಅಂದರೆ ಸಕ್ಕರೆ ಬೆರೆಸಿಟ್ಟ ನಿಂಬೆರಸದಲ್ಲಿ. ಮದ್ಯವಿಲ್ಲದೆ ಸಕ್ಕರೆಯಲ್ಲೇ ನಿಂಬೆರಸ ಕೆಡದಂತೆ ಇಡುವ ಕ್ರಮಕ್ಕೆ 1867ರಲ್ಲಿ ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ಲಾಕ್ಲನ್ ರೋಸ್. ಮನೆಯಲ್ಲಾದರೆ 8 ನಿಂಬೆಹಣ್ಣಿನ ಸಿಪ್ಪೆಯ ಮೇಲ್ಪದರ ತುರಿದು 200 ಗ್ರಾಂ ಸಕ್ಕರೆಗೆ ಕೈಯಿಂದ ತಿಕ್ಕಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಸಿಪ್ಪೆಯ ಎಣ್ಣೆ ಸಕ್ಕರೆಗೆ ಇಳಿಯುತ್ತದೆ. ಬೆಳಿಗ್ಗೆ 200 ಮಿ.ಲೀ. ರಸ ಹಿಂಡಿ, ಕರಗುವವರೆಗೆ ಕದಡಿ, ಶೋಧಿಸಿ. ನಮ್ಮ ನಿಂಬೆಯ ಸಿಪ್ಪೆ ಕಾಗದದಷ್ಟು ತೆಳು, ತುರಿಮಣೆ ಎರಡನೇ ಸಲ ಆಡಿತೆಂದರೆ ಕೆಳಗಿನ ಬಿಳಿ ಭಾಗಕ್ಕೆ ಹೋಗಿ ಹಾಗಲಕಾಯಿಯ ಕಹಿ ತರುತ್ತದೆ. ಬೇಗ ಆಗಲೆಂದು ಕುದಿಸಿದರೆ ತಾಜಾ ವಾಸನೆ ಹಾರಿ ಚಿತ್ರಾನ್ನದ ನೆನಪಾಗುತ್ತದೆ. 60 ಮಿ.ಲೀ. ಜಿನ್‌ಗೆ ಇದು 25 ಮಿ.ಲೀ. ಸಾಕು.

ಇನ್ನು ಗ್ರೆನಡಿನ್, ಅಂದರೆ ದಾಳಿಂಬೆ ಶರಬತ್ತು. ಕಾಳನ್ನು ಮಿಕ್ಸಿಗೆ ಹಾಕಿದರೆ ಒಳಗಿನ ಬೀಜವೂ ನುರಿದು ರಸ ಒಗರಾಗುತ್ತದೆ. ಬಟ್ಟೆಯಲ್ಲಿ ಕಟ್ಟಿ ಹಿಂಡಿ. (ಬಿಳಿ ಪಂಚೆ ಬೇಡ. ಈ ಕಲೆ ಪಂಚೆಯ ಜೊತೆಗೇ ಬಾಳುತ್ತದೆ.) 250 ಮಿ.ಲೀ. ರಸಕ್ಕೆ 250 ಗ್ರಾಂ ಸಕ್ಕರೆ, ಹದವಾದ ಬಿಸಿ. ಸಕ್ಕರೆಯಲ್ಲಿ ಜಿಪುಣತನ ಮಾಡಿದರೆ ಕಿತ್ತಳೆ ರಸದ ಕಾಕ್‌ಟೇಲ್ ಆದ ಟಕೀಲಾ ಸನ್‌ರೈಸ್‌ನಲ್ಲಿ ಸಿಕ್ಕಿಬೀಳುತ್ತೀರಿ. 45 ಮಿ.ಲೀ. ಟಕೀಲಾ, 90 ಮಿ.ಲೀ. ಕಿತ್ತಳೆ ರಸದ ಮೇಲೆ 15 ಮಿ.ಲೀ. ಗ್ರೆನಡಿನ್ ಮೆಲ್ಲಗೆ ಸುರಿದಾಗ ಅದು ಭಾರಕ್ಕೆ ತಳ ಸೇರಬೇಕು. ತೆಳುವಾಗಿದ್ದರೆ ನಡುವಲ್ಲೇ ಕದಡಿ, ಸೂರ್ಯೋದಯದ ಬದಲು ಗ್ರಹಣ ಹಿಡಿಯುತ್ತದೆ.

ಹಿಂಡಿ ಉಳಿದ ನಿಂಬೆ ಹೋಳುಗಳನ್ನು ಎಸೆಯಬೇಡಿ. ಮರುದಿನ ಬೆಳಿಗ್ಗೆ ಉಪ್ಪು ಹಚ್ಚಿ ತಿಕ್ಕಿದರೆ ಹಿತ್ತಾಳೆ ದೀಪಗಳು ಫಳಫಳ ಹೊಳೆಯುತ್ತವೆ. ಇಷ್ಟೊಂದು ನಿಂಬೆಹಣ್ಣು ಯಾತಕ್ಕೆ ತಂದಿದ್ದು ಎಂದು ಮನೆಯ ಹಿರಿಯರು ಕೇಳಿದರೆ, ತೋರಿಸಲು ದೀಪವಾದರೂ ಇರುತ್ತದೆ.